ಚೆನ್ನಾಗಿ ತಿಂದರೂ ಬೆಕ್ಕು ಸೊರಗುತ್ತಿದೆ, ಏನಿರಬಹುದು?

ಸಾಗರದ ಚಿನ್ನಿ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮ ಚಿನ್ನಿಗೆ ಈಗ 13 ವರ್ಷ. ಹೆಣ್ಣು ಬೆಕ್ಕು, ಆಪರೇಷನ್ ಆಗಿದೆ. ಹೋದ ವರ್ಷ ರೇಬೀಸ್ ಲಸಿಕೆ ಹಾಕಿಸಿದಾಗ ಅವಳ ಪುಸ್ತಕದಲ್ಲಿ 4.1 ಕೆಜಿ ಅಂತ ಬರೆದಿದ್ದಾರೆ. ಈಗ 2.9 ಕೆಜಿ. ಬೆನ್ನು ಸವರಿದರೆ ಮೂಳೆ ಒಂದೊಂದೇ ಕೈಗೆ ಸಿಗುತ್ತದೆ. ಸೊಂಟದ ಎರಡೂ ಕಡೆ ಗುಳಿ ಬಿದ್ದಿದೆ.

ಊಟ ಬಿಟ್ಟಿದ್ದರೆ ಕಾರಣ ಗೊತ್ತಾಗುತ್ತಿತ್ತು. ಇವಳು ಮೊದಲಿಗಿಂತ ಜಾಸ್ತಿ ತಿನ್ನುತ್ತಿದ್ದಾಳೆ. ಮೀನು ಹಾಕಿದರೆ ತಟ್ಟೆ ನೆಕ್ಕಿ ಮುಗಿಸಿ, ಮತ್ತೆ ಕಾಲಿಗೆ ಸುತ್ತಿಕೊಂಡು ಕೇಳುತ್ತಾಳೆ. ಹಗಲಿಡೀ ಅಟ್ಟದ ಮೇಲೆ ಮಲಗುತ್ತಿದ್ದವಳು ಈಗ ಒಂದು ಕಡೆ ನಿಲ್ಲುವುದಿಲ್ಲ. ನಡುರಾತ್ರಿ ಎದ್ದು ಜೋರಾಗಿ ಕೂಗುತ್ತಾಳೆ. ಆಗಾಗ ವಾಂತಿ ಇದೆ. ನೀರೂ ಜಾಸ್ತಿ ಕುಡಿಯುತ್ತಾಳೆ.

ಇಲ್ಲಿನ ಡಾಕ್ಟರ್ ಜಂತುಹುಳದ ಔಷಧಿ ಕೊಟ್ಟರು, ಟಾನಿಕ್ ಕೊಟ್ಟರು. ಏನೂ ವ್ಯತ್ಯಾಸ ಕಾಣಲಿಲ್ಲ. ಅತ್ತೆ "ವಯಸ್ಸಾಯ್ತಲ್ಲ, ಇನ್ನೇನು" ಅಂತಾರೆ. ನನಗೆ ಒಪ್ಪಿಗೆ ಆಗುತ್ತಿಲ್ಲ. ಯಾರಾದರೂ ಇಂಥದ್ದು ನೋಡಿದ್ದೀರಾ?

ಮೈಸೂರು ಕೊತ್ತಿ

ಅಕ್ಕ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. 4.1ರಿಂದ 2.9 ಅಂದರೆ ಮೈತೂಕದ ಕಾಲು ಭಾಗಕ್ಕೂ ಜಾಸ್ತಿ ಹೋಗಿದೆ. 60 ಕೆಜಿ ಇರುವವರು ಒಂದು ವರ್ಷದಲ್ಲಿ 42ಕ್ಕೆ ಇಳಿದರೆ ಯಾರೂ ವಯಸ್ಸಾಯ್ತು ಅಂತ ಬಿಡುವುದಿಲ್ಲ ಅಲ್ವಾ?

ಒಂದೆರಡು ಪ್ರಶ್ನೆ. ಮಲ ಹೇಗಿದೆ, ಗಟ್ಟಿಯೋ ನೀರೋ? ಮೂತ್ರದ ಗುಡ್ಡೆ ಮೊದಲಿಗಿಂತ ದೊಡ್ಡದಾಗಿದೆಯಾ? ತಿನ್ನುವಾಗ ತಲೆ ಒಂದು ಪಕ್ಕಕ್ಕೆ ವಾಲಿಸಿ ಅಗಿಯುತ್ತಾಳಾ? ನಮ್ಮ ಕೊತ್ತಿ ತಟ್ಟೆ ಹತ್ತಿರ ಓಡಿ ಬರುತ್ತಿದ್ದ, ಒಂದು ತುತ್ತು ಬಾಯಿಗೆ ಹಾಕಿಕೊಂಡು ಕಿರುಚಿ ಹಿಂದೆ ಸರಿಯುತ್ತಿದ್ದ. ಒಳಗಡೆ ಎರಡು ಹಲ್ಲು ಬುಡದಲ್ಲೇ ಕರಗಿದ್ದವು. ಹೊರಗಿಂದ ನೋಡಿದರೆ ಒಸಡು ಸ್ವಲ್ಪ ಕೆಂಪು, ಅಷ್ಟೇ. ಅವನ್ನು ಕೀಳಿಸಿದ ಮೇಲೆ ಮತ್ತೆ ಮೈತುಂಬಿಕೊಂಡ.

ಸಾಗರದ ಚಿನ್ನಿ ಮನೆ

ಅಗಿಯುವುದರಲ್ಲಿ ತೊಂದರೆ ಇಲ್ಲ, ಒಣ ಆಹಾರವನ್ನೂ ಕಟಕಟ ತಿನ್ನುತ್ತಾಳೆ. ಮಲ ಸ್ವಲ್ಪ ಮೆತ್ತಗೆ, ಪ್ರಮಾಣ ಜಾಸ್ತಿ. ಮರಳಿನ ಟ್ರೇಯಲ್ಲಿ ಮೂತ್ರದ ಗುಡ್ಡೆ ದೊಡ್ಡದಾಗಿರುವುದು ನಿಜ.

ಕುಂದಾಪುರ ಕಡೆಯವರು

ಜಂತುಹುಳದ ಔಷಧಿ ಯಾವುದು ಕೊಟ್ಟಿದ್ದು ಅಂತ ನೋಡಿ. ದುಂಡುಹುಳಕ್ಕೆ ಕೆಲಸ ಮಾಡುವ ಎಲ್ಲ ಔಷಧಿಯೂ ಲಾಡಿಹುಳಕ್ಕೆ ಆಗುವುದಿಲ್ಲ. ಬೆಕ್ಕಿನ ಹಿಂಭಾಗದ ಕೂದಲಲ್ಲಿ, ಮಲಗುವ ಬಟ್ಟೆಯಲ್ಲಿ ಅಕ್ಕಿಕಾಳಿನಂಥ ಚೂರು ಕಂಡರೆ ಅದು ಲಾಡಿಹುಳ. ಅದಕ್ಕೆ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆ ಬೇಕು. ಜೊತೆಗೆ ಚಿಗಟ ನಿವಾರಣೆ ಮಾಡದಿದ್ದರೆ ಮತ್ತೆ ಬರುತ್ತದೆ. ಬೆಕ್ಕು ಮೈ ನೆಕ್ಕಿಕೊಳ್ಳುವಾಗ ಚಿಗಟವನ್ನು ನುಂಗುತ್ತದೆ, ಹುಳ ಅದರಿಂದಲೇ ಒಳಗೆ ಹೋಗುವುದು.

ಹಳೇ ಪಶುವೈದ್ಯ

ಹುಳದ ಮಾತು ಸರಿ. ಆದರೆ 13 ವರ್ಷದ ಬೆಕ್ಕು ಇಷ್ಟು ಇಳಿದಿದ್ದರೆ ಹುಳ ಒಂದನ್ನೇ ನಂಬಿ ಕೂರಬಾರದು. ಮರಿಗಳಲ್ಲಿ ಹುಳ ಮೊದಲ ಅನುಮಾನ. ಮುದಿ ಬೆಕ್ಕಿನಲ್ಲಿ ಅದು ಪಟ್ಟಿಯ ಕೊನೆಯಲ್ಲಿ ಎಲ್ಲೋ ಇರುತ್ತದೆ.

ಸೊರಗುವ ಬೆಕ್ಕು ಬಂದಾಗ ನಾನು ಮೊದಲು ಕೇಳುವುದು ಊಟ ಹೇಗಿದೆ ಅಂತ. ಊಟ ಬಿಟ್ಟು ಸೊರಗಿದರೆ ಕಿಡ್ನಿ, ಹಲ್ಲು, ಲಿವರ್, ಎಲ್ಲೋ ಒಂದು ಗಡ್ಡೆ, ಹೀಗೆ ಹುಡುಕಬೇಕು. ಚೆನ್ನಾಗಿ ತಿಂದೂ ಸೊರಗಿದರೆ ಮುಖ್ಯವಾಗಿ ಮೂರು. ಥೈರಾಯ್ಡ್ ಜಾಸ್ತಿ ಆಗಿರುವುದು, ಸಕ್ಕರೆ ಕಾಯಿಲೆ, ಇಲ್ಲವೇ ತಿಂದದ್ದನ್ನು ಕರುಳು ಹೀರಿಕೊಳ್ಳದೆ ಇರುವುದು. ಕರುಳಿನದ್ದರಲ್ಲಿ ದೀರ್ಘಕಾಲದ ಉರಿಯೂತವೂ ಇರಬಹುದು, ನಿಧಾನವಾಗಿ ಬೆಳೆಯುವ ಲಿಂಫೋಮಾ ಅನ್ನುವ ಕ್ಯಾನ್ಸರೂ ಇರಬಹುದು. ಇವೆರಡನ್ನು ಹೊರಗಿನಿಂದ ನೋಡಿ ಬೇರೆ ಮಾಡಲಾಗುವುದಿಲ್ಲ.

ನಿಮ್ಮ ಚಿನ್ನಿಯ ವಿವರ ಓದಿದರೆ ನನಗೆ ಮೊದಲು ತೋಚುವುದು ಥೈರಾಯ್ಡ್. ವಯಸ್ಸು 10 ದಾಟಿದೆ, ಹಸಿವು ಜಾಸ್ತಿ, ಚಡಪಡಿಕೆ, ರಾತ್ರಿ ಕೂಗು, ವಾಂತಿ, ಸೊರಗು. ಎಲ್ಲವೂ ಹೊಂದುತ್ತವೆ. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯಲ್ಲಿ ಗಂಟು ಬೆಳೆದು ಹಾರ್ಮೋನ್ ಬೇಕಾದ್ದಕ್ಕಿಂತ ಜಾಸ್ತಿ ಸುರಿಸುತ್ತದೆ. ಬಹುಪಾಲು ಬೆಕ್ಕುಗಳಲ್ಲಿ ಈ ಗಂಟು ಕ್ಯಾನ್ಸರ್ ಅಲ್ಲ. ಆದರೆ ಹೃದಯ ಓಡುತ್ತಲೇ ಇರುತ್ತದೆ, ಮೈಯಲ್ಲಿರುವ ಮಾಂಸ ಕರಗುತ್ತದೆ, ಬಿಪಿ ಏರುತ್ತದೆ. ಬಿಪಿ ಏರಿ ರಾತ್ರಿ ಬೆಳಗಾಗುವಷ್ಟರಲ್ಲಿ ಕಣ್ಣು ಕಳೆದುಕೊಂಡ ಬೆಕ್ಕುಗಳನ್ನು ನೋಡಿದ್ದೇನೆ.

ಈ ಕಾಯಿಲೆಯ ಮೊದಲ ವರದಿಗಳು ಬಂದಿದ್ದೇ 1979-80ರ ಹೊತ್ತಿಗೆ, ಅಮೆರಿಕದಿಂದ. ನಮ್ಮಲ್ಲಿ ಬೆಕ್ಕು 13 ವರ್ಷ ಬದುಕುವುದೇ ಮೊದಲು ಅಪರೂಪ ಆಗಿತ್ತು. ನಾಯಿ, ರಸ್ತೆ, ಇಲಿ ಪಾಷಾಣ ದಾಟಿ ಬಂದರೆ ತಾನೆ? ಈಗ ಮನೆಯೊಳಗೇ ಸಾಕುತ್ತೇವೆ, ಬೆಕ್ಕುಗಳು ಮುಪ್ಪು ಕಾಣುತ್ತಿವೆ. ಹಾಗಾಗಿ ಈ ಕಾಯಿಲೆಗಳೂ ನಮ್ಮ ಕಣ್ಣಿಗೆ ಬೀಳುತ್ತಿವೆ. ಆದರೂ ಎಷ್ಟೋ ಮನೆಗಳಲ್ಲಿ "ವಯಸ್ಸಾಯ್ತು" ಅನ್ನುವ ಮಾತಿನಲ್ಲೇ ಮುಗಿದುಹೋಗುತ್ತದೆ. ನನಗೆ ಬಹಳ ಬೇಸರ ಆಗುವುದು ಇದಕ್ಕೇ. ವಯಸ್ಸು ಕಾಯಿಲೆ ಅಲ್ಲ. ಚೆನ್ನಾಗಿ ತಿನ್ನುವ ಬೆಕ್ಕು ಸುಮ್ನೆ ಸೊರಗುವುದಿಲ್ಲ.

ಮಾಡಿಸಬೇಕಾದದ್ದು ಇಷ್ಟು. ರಕ್ತದಲ್ಲಿ ಟಿ4 (ಥೈರಾಯ್ಡ್ ಹಾರ್ಮೋನ್), ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವುದು), ಸಕ್ಕರೆ, ಲಿವರ್ ಪರೀಕ್ಷೆ, ರಕ್ತಕಣಗಳ ಎಣಿಕೆ. ಜೊತೆಗೆ ಮೂತ್ರ ಪರೀಕ್ಷೆ. ಸಾಧ್ಯವಾದರೆ ಬಿಪಿ. ನಿಮಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರ.

ಹುಬ್ಬಳ್ಳಿ ಗುಂಡ

ಡಾಕ್ಟ್ರೇ, ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಗುಂಡ 6.5 ಕೆಜಿ ಇದ್ದ. ಮನೆ ಬದಲಿಸಿದ ಮೇಲೆ ಮಂಚದ ಕೆಳಗೆ ಸೇರಿಕೊಂಡು ಎರಡು ದಿನದಿಂದ ಏನೂ ಮುಟ್ಟಿಲ್ಲ. ದಪ್ಪ ಇದ್ದಾನೆ, ಸ್ವಲ್ಪ ಇಳಿಯಲಿ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಕಾಯಬಹುದಾ?

ಹಳೇ ಪಶುವೈದ್ಯ

ಕಾಯಬೇಡಿ. ಇವತ್ತೇ ಕರೆದುಕೊಂಡು ಹೋಗಿ.

ದಪ್ಪ ಬೆಕ್ಕು ಊಟ ಬಿಟ್ಟರೆ ಮೈಯ ಕೊಬ್ಬೆಲ್ಲ ಲಿವರ್‌ಗೆ ನುಗ್ಗುತ್ತದೆ. ಬೆಕ್ಕಿನ ಲಿವರ್‌ಗೆ ಅಷ್ಟು ಕೊಬ್ಬು ಕರಗಿಸುವ ಶಕ್ತಿ ಇಲ್ಲ. ಕೆಲವೇ ದಿನಗಳಲ್ಲಿ ಲಿವರ್ ಕೆಡುತ್ತದೆ. ಕಿವಿಯ ಒಳಭಾಗ, ಕಣ್ಣಿನ ಬಿಳಿ, ಒಸಡು ಹಳದಿ ಆಗಿದೆಯಾ ನೋಡಿ. ಆಗಿಲ್ಲದಿದ್ದರೂ ಹೋಗಿ. ಬೆಕ್ಕನ್ನು ಉಪವಾಸ ಹಾಕಿ ತೆಳ್ಳಗೆ ಮಾಡುವ ದಾರಿಯೇ ಇಲ್ಲ.

ಹುಬ್ಬಳ್ಳಿ ಗುಂಡ

ಹೊರಟೆವು. ಧನ್ಯವಾದ.

ಶಿರಸಿ ತೋಟದ ಮನೆ

ನಮ್ಮದು ಸಸ್ಯಾಹಾರಿ ಮನೆ. ಬೆಕ್ಕಿಗೆ ಮೊದಲಿಂದಲೂ ಹಾಲನ್ನ, ಮೊಸರನ್ನ. ಅಜ್ಜಿಯ ಕಾಲದಿಂದ ಹೀಗೇ ಸಾಕಿದ್ದು, ಎಲ್ಲವೂ ಚೆನ್ನಾಗೇ ಇದ್ದವು. ಈಗಿನದಕ್ಕೆ 9 ವರ್ಷ, 2.6 ಕೆಜಿಗೆ ಇಳಿದಿದೆ. ಕೂದಲು ಒರಟಾಗಿದೆ, ನೆಗೆಯುವುದು ಕಡಿಮೆ. ಇದಕ್ಕೂ ಥೈರಾಯ್ಡ್ ಇರಬಹುದಾ?

ಮೈಸೂರು ಕೊತ್ತಿ

ಅಜ್ಜಿಯ ಕಾಲದ ಬೆಕ್ಕು ಹಾಲನ್ನದ ಮೇಲೆ ಬದುಕಿರಲಿಲ್ಲ ಅಂತ ನನ್ನ ನಂಬಿಕೆ. ಅಡಿಕೆ ಅಟ್ಟ, ಕೊಟ್ಟಿಗೆ, ಭತ್ತದ ಕಣಜದಲ್ಲಿ ಇಲಿ ಹಿಡಿದು ತಿಂದು ಬದುಕಿತ್ತು. ಹಾಲನ್ನ ಮೇಲಿನ ಉಪಚಾರ. ಈಗ ಆರ್‌ಸಿಸಿ ಮನೆ, ಇಲಿ ಇಲ್ಲ. ಬೆಕ್ಕಿಗೂ ವಯಸ್ಸಾಗಿ ಬೇಟೆ ನಿಂತಿರುತ್ತದೆ. ಉಳಿದಿದ್ದು ಬರೀ ಅನ್ನ.

ಹಳೇ ಪಶುವೈದ್ಯ

ಮೈಸೂರಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ. ಟಾರಿನ್ ಅನ್ನುವ ಒಂದು ಅಂಶವನ್ನು ಅದರ ಮೈ ಬೇಕಾದಷ್ಟು ತಯಾರಿಸಿಕೊಳ್ಳುವುದಿಲ್ಲ. ಅದು ಸಿಗುವುದು ಮಾಂಸ, ಮೀನಿನಲ್ಲಿ. ಅನ್ನದಲ್ಲಿ ಇಲ್ಲ, ಹಾಲಿನಲ್ಲಿ ನೆಪಮಾತ್ರಕ್ಕೆ ಇದೆ. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣಿನ ಪರದೆ ಕೆಡುತ್ತದೆ ಅಂತ 1975ರಲ್ಲೇ ಗೊತ್ತಾಗಿತ್ತು. ಹೃದಯ ಹಿಗ್ಗಿ ಸೋಲುವುದಕ್ಕೂ ಇದೇ ಕಾರಣ ಅಂತ 1987ರಲ್ಲಿ ತಿಳಿಯಿತು. ಆಮೇಲೆ ಕಂಪನಿಗಳು ಬೆಕ್ಕಿನ ಆಹಾರಕ್ಕೆ ಟಾರಿನ್ ಜಾಸ್ತಿ ಸೇರಿಸತೊಡಗಿದವು.

ನಿಮ್ಮ ಅಡುಗೆಮನೆಯಲ್ಲಿ ಮಾಂಸ ಬೇಯಿಸಿ ಅಂತ ನಾನು ಹೇಳುವುದಿಲ್ಲ. ಬೆಕ್ಕಿಗೆ ಅಂತಲೇ ಮಾಡಿದ ಒಣ ಆಹಾರದ ಪ್ಯಾಕೆಟ್ ತಂದು, ಜಗಲಿಯಲ್ಲೋ ಹಿತ್ತಲಲ್ಲೋ ಒಂದು ತಟ್ಟೆ ಇಟ್ಟರೆ ಸಾಕು. ನಾಯಿಯ ಪ್ಯಾಕೆಟ್ ಆಗುವುದಿಲ್ಲ. ಒಮ್ಮೆಲೇ ಬದಲಿಸದೆ ಒಂದು ವಾರದಲ್ಲಿ ನಿಧಾನವಾಗಿ ಹೊಂದಿಸಿ. ಆದರೆ ಆಹಾರ ಬದಲಿಸಿದೆವು ಅಂತ ಪರೀಕ್ಷೆ ಬಿಡಬೇಡಿ. ನೆಗೆಯುವುದು ಕಡಿಮೆ ಆಗಿದೆ ಅಂದಿರಿ, ಹೃದಯ ಕೇಳಿಸಲೇಬೇಕು.

ಶಿರಸಿ ತೋಟದ ಮನೆ

ಹಿತ್ತಲಲ್ಲಿ ಇಡುವುದಕ್ಕೆ ಅಮ್ಮ ಒಪ್ಪಿದ್ದಾರೆ. ಡಾಕ್ಟರ್‌ಗೂ ತೋರಿಸುತ್ತೇವೆ.

ಕುಂದಾಪುರ ಕಡೆಯವರು

ತೂಕ ನೋಡುವುದು ಹೇಗೆ ಅಂತಲೂ ಯಾರಾದರೂ ಬರೆಯಿರಿ. ನಮ್ಮ ಬೆಕ್ಕು ತಕ್ಕಡಿ ಮೇಲೆ ಒಂದು ಕ್ಷಣ ನಿಲ್ಲುವುದಿಲ್ಲ.

ಮೈಸೂರು ಕೊತ್ತಿ

ಎತ್ತಿಕೊಂಡು ನಿಂತು, ಆಮೇಲೆ ನಮ್ಮ ತೂಕ ಕಳೆಯುವ ರೂಢಿ ಎಲ್ಲರಿಗೂ ಇದೆ. ಆದರೆ ಮನೆಯ ಮಷಿನ್‌ನಲ್ಲಿ ನೂರಿನ್ನೂರು ಗ್ರಾಂ ಹೆಚ್ಚುಕಮ್ಮಿ ಆಗುತ್ತದೆ. ಬೆಕ್ಕಿಗೆ ಅದು ದೊಡ್ಡ ಲೆಕ್ಕ. 4 ಕೆಜಿ ಬೆಕ್ಕಿಗೆ 200 ಗ್ರಾಂ ಅಂದರೆ ನೂರಕ್ಕೆ ಐದು.

ನಾನು ಮಾಡುವುದು ಹೀಗೆ. ಎಳೆಕೂಸುಗಳನ್ನು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ತಂದಿದ್ದೇನೆ. ಅದರ ಮೇಲೆ ಅವನು ಯಾವಾಗಲೂ ಮಲಗುವ ರಟ್ಟಿನ ಡಬ್ಬ ಇಟ್ಟು ಸೊನ್ನೆ ಮಾಡುತ್ತೇನೆ. ಡಬ್ಬ ಕಂಡರೆ ತಾನಾಗೇ ಒಳಗೆ ಕೂರುತ್ತಾನೆ, ಅಂಕಿ ನಿಲ್ಲುವವರೆಗೆ ತಲೆ ಸವರಿದರೆ ಆಯಿತು. ತಿಂಗಳ ಮೊದಲ ಭಾನುವಾರ ಕ್ಯಾಲೆಂಡರ್ ಮೇಲೆ ಬರೆಯುತ್ತೇನೆ. ಕೂದಲು ದಟ್ಟ ಇರುವ ಬೆಕ್ಕು ಇಳಿದಿದ್ದು ಕಣ್ಣಿಗೆ ಕಾಣುವುದೇ ಇಲ್ಲ, ತಕ್ಕಡಿಯೇ ಹೇಳಬೇಕು.

ಜಾಲಹಳ್ಳಿ ಕರಿಯ

ಇನ್ನೊಂದು ಕೇಸ್. ನಮ್ಮ ಕರಿಯನಿಗೆ 8 ತಿಂಗಳು. ಬೆನ್ನು ಕಡ್ಡಿ ಆಗಿದೆ, ಹೊಟ್ಟೆ ಮಾತ್ರ ದೊಡ್ಡದಾಗುತ್ತಿದೆ. ಜ್ವರ ಬಿಡುತ್ತಿಲ್ಲ. ಆಂಟಿಬಯೋಟಿಕ್ ಇಂಜೆಕ್ಷನ್ ಆಗಿದೆ. ಹುಳ ಇರಬಹುದು ಅಂದರು.

ಹಳೇ ಪಶುವೈದ್ಯ

ಚಿಕ್ಕ ವಯಸ್ಸು, ಆಂಟಿಬಯೋಟಿಕ್‌ಗೆ ಬಗ್ಗದ ಜ್ವರ, ಬೆನ್ನು ಸೊರಗಿ ಹೊಟ್ಟೆ ಉಬ್ಬುವುದು. ಇದನ್ನು ಎಫ್‌ಐಪಿ ಅಲ್ಲ ಅಂತ ಖಾತ್ರಿ ಆಗುವವರೆಗೆ ಎಫ್‌ಐಪಿ ಅಂತಲೇ ನೋಡಬೇಕು. ಬೆಕ್ಕುಗಳ ಕೊರೊನಾವೈರಸ್‌ನಿಂದ ಬರುವ ಕಾಯಿಲೆ, ಮನುಷ್ಯರ ಕೋವಿಡ್ ಅಲ್ಲ. ಹೊಟ್ಟೆಯ ನೀರು ಸೂಜಿಯಲ್ಲಿ ತೆಗೆಸಿ. ಅದು ಹಳದಿಯಾಗಿ, ಎಳೆ ಬರುವಂತೆ ಅಂಟಾಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ರಕ್ತದಲ್ಲಿ ಅಲ್ಬುಮಿನ್, ಗ್ಲೋಬ್ಯುಲಿನ್ ಅನ್ನುವ ಎರಡು ಪ್ರೋಟೀನುಗಳ ಅನುಪಾತ ನೋಡಿಸಿ. 0.4ಕ್ಕಿಂತ ಕೆಳಗಿದ್ದರೆ ಎಫ್‌ಐಪಿ ಕಡೆಗೇ ಬೆರಳು ತೋರಿಸುತ್ತದೆ.

ಕೆಲವು ವರ್ಷಗಳ ಹಿಂದಿನವರೆಗೆ ಇದು ಬಂದರೆ ಬೆಕ್ಕು ಉಳಿಯುತ್ತಿರಲಿಲ್ಲ. 2019ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಜಿಎಸ್-441524 ಅನ್ನುವ ಔಷಧಿಯ ಫಲಿತಾಂಶ ಪ್ರಕಟಿಸಿದರು. 31 ಬೆಕ್ಕುಗಳಲ್ಲಿ 26 ಬೆಕ್ಕುಗಳು 12 ವಾರದ ಚಿಕಿತ್ಸೆ ಮುಗಿಸಿದವು. ಈಗ ಸಾಮಾನ್ಯವಾಗಿ 84 ದಿನ ಕೊಡುತ್ತಾರೆ. ಬೆಂಗಳೂರಿನಲ್ಲಿ ಇದರ ಅನುಭವ ಇರುವ ಡಾಕ್ಟರ್‌ಗಳು ಇದ್ದಾರೆ, ಹೆಬ್ಬಾಳದ ಕಾಲೇಜು ಆಸ್ಪತ್ರೆಯಲ್ಲೂ ಕೇಳಿ. ದಿನ ಕಳೆದಷ್ಟೂ ಕಷ್ಟ.

ಸಾಗರದ ಚಿನ್ನಿ ಮನೆ

ಚಿನ್ನಿಯ ರಿಪೋರ್ಟ್ ಬಂತು. ಇಲ್ಲಿನ ಡಾಕ್ಟರ್ ರಕ್ತ ತೆಗೆದುಕೊಟ್ಟರು. ಶಿವಮೊಗ್ಗಕ್ಕೆ ಹೋಗುವ ಮೊದಲು ಊರಿನ ಲ್ಯಾಬ್‌ನಲ್ಲೇ ಮಾಡಿಸಿದೆವು. ಮನುಷ್ಯರ ಲ್ಯಾಬ್.

ಕ್ರಿಯಾಟಿನಿನ್ 1.4. ಪಕ್ಕದಲ್ಲಿ ದಪ್ಪಕ್ಷರದಲ್ಲಿ ಹೈ ಅಂತ ಇದೆ, ಮಿತಿ 0.6ರಿಂದ 1.1. ಟಿ4 9.2, ಮಿತಿ 5ರಿಂದ 12. ನಾರ್ಮಲ್ ಅಂತ ಬರೆದಿದ್ದಾರೆ. ಸಕ್ಕರೆ 128. ಎಸ್‌ಜಿಪಿಟಿ (ಲಿವರ್ ಪರೀಕ್ಷೆ) 190, ಹೈ. ಹಾಗಾದರೆ ಥೈರಾಯ್ಡ್ ಅಲ್ಲ, ಕಿಡ್ನಿ ಹೋಗಿದೆ ಅಂತಲಾ? ನನಗೆ ಕೈಕಾಲು ಆಡುತ್ತಿಲ್ಲ.

ಶಿರಸಿ ತೋಟದ ಮನೆ

ಅಕ್ಕ, ಧೈರ್ಯವಾಗಿರಿ. ಡಾಕ್ಟರ್ ನೋಡಿ ಹೇಳುತ್ತಾರೆ.

ಹಳೇ ಪಶುವೈದ್ಯ

ಮೇಡಂ, ರಿಪೋರ್ಟ್‌ನಲ್ಲಿ ಅಚ್ಚಾದ ಮಿತಿಗಳನ್ನು ಪೂರ್ತಿ ಮರೆತುಬಿಡಿ. ಅವು ಮನುಷ್ಯರವು. ಎರಡೂ ಕಡೆ ತಲೆಕೆಳಗಾಗಿ ಓದಿಸುತ್ತಿವೆ.

ಟಿ4 ಮನುಷ್ಯರಲ್ಲಿ ಸುಮಾರು 5ರಿಂದ 12 ಮೈಕ್ರೋಗ್ರಾಂ ಇರುತ್ತದೆ. ಬೆಕ್ಕಿನಲ್ಲಿ ಸುಮಾರು 1ರಿಂದ 4. ಲ್ಯಾಬ್‌ನಿಂದ ಲ್ಯಾಬ್‌ಗೆ ಸ್ವಲ್ಪ ಹೆಚ್ಚುಕಮ್ಮಿ. ಅಂದರೆ 9.2 ಮನುಷ್ಯರಿಗೆ ಸರಿಯಾದ ಅಂಕಿ, ಬೆಕ್ಕಿಗೆ ಎರಡು ಪಟ್ಟಿಗೂ ಜಾಸ್ತಿ. ಈ ಲಕ್ಷಣಗಳ ಜೊತೆ ಈ ಅಂಕಿ ಬಂದರೆ ಅನುಮಾನಕ್ಕೆ ಜಾಗ ಕಡಿಮೆ. ಎಸ್‌ಜಿಪಿಟಿ ಏರಿರುವುದೂ ಥೈರಾಯ್ಡ್ ಬೆಕ್ಕುಗಳಲ್ಲಿ ಮಾಮೂಲು. ಥೈರಾಯ್ಡ್ ಹತೋಟಿಗೆ ಬಂದರೆ ಅದೂ ಇಳಿಯುವುದುಂಟು.

ಇನ್ನು ಕ್ರಿಯಾಟಿನಿನ್. ಬೆಕ್ಕಿಗೆ 1.6ರ ಒಳಗಿದ್ದರೆ ಹೈ ಅನ್ನುವುದಿಲ್ಲ. ಆದರೆ ಕಿಡ್ನಿ ಚೆನ್ನಾಗಿದೆ ಅಂತಲೂ ಈಗಲೇ ಹೇಳಲಾರೆ. ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. ಚಿನ್ನಿಯ ಮಾಂಸವೇ ಕರಗಿದೆ, ಹಾಗಾಗಿ ಅಂಕಿ ಕಡಿಮೆ ಕಾಣಬಹುದು. ಜೊತೆಗೆ ಥೈರಾಯ್ಡ್ ಜಾಸ್ತಿ ಇದ್ದಾಗ ಕಿಡ್ನಿಗೆ ರಕ್ತ ಜೋರಾಗಿ ನುಗ್ಗುತ್ತದೆ, ಒಳಗಿನ ದೌರ್ಬಲ್ಯ ಮುಚ್ಚಿಹೋಗುತ್ತದೆ. ಚಿಕಿತ್ಸೆ ಶುರುವಾದ ಮೇಲೆಯೇ ಕಿಡ್ನಿಯ ನಿಜ ಸ್ಥಿತಿ ಗೊತ್ತಾಗುವುದು. ಶಿವಮೊಗ್ಗಕ್ಕೆ ಹೋದಾಗ ಪ್ರಾಣಿಗಳ ರಕ್ತ ಪರೀಕ್ಷಿಸುವ ಲ್ಯಾಬ್‌ನಲ್ಲಿ ಟಿ4 ಇನ್ನೊಮ್ಮೆ ಮಾಡಿಸಿ. ಸಾಧ್ಯವಾದರೆ ಎಸ್‌ಡಿಎಂಎ ಅನ್ನುವ ಕಿಡ್ನಿ ಪರೀಕ್ಷೆ ಕೂಡ. ಅದಕ್ಕೆ ಮಾಂಸಖಂಡದ ಲೆಕ್ಕ ತಾಗುವುದಿಲ್ಲ.

ಕುಂದಾಪುರ ಕಡೆಯವರು

ಥೈರಾಯ್ಡ್ ಮಾತ್ರೆ ನಮ್ಮ ಮನೆಯಲ್ಲೇ ಇದೆ, ಅಮ್ಮ ತಗೊಳ್ತಾರೆ. ಅದನ್ನೇ ಕಾಲು ಭಾಗ ಮಾಡಿ ಕೊಡಬಹುದಾ?

ಹಳೇ ಪಶುವೈದ್ಯ

ದಯವಿಟ್ಟು ಬೇಡ. ಇದನ್ನು ಎಲ್ಲರೂ ಓದಿ.

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ಥೈರಾಯ್ಡ್ ಕಡಿಮೆ ಇರುವವರಿಗೆ ಕೊಡುವ ಥೈರಾಕ್ಸಿನ್ ಮಾತ್ರೆ. ಚಿನ್ನಿಗೆ ಆಗಲೇ ಥೈರಾಕ್ಸಿನ್ ಉಕ್ಕಿ ಹರಿಯುತ್ತಿದೆ. ಅದನ್ನೇ ಕೊಟ್ಟರೆ ಹೃದಯ ನಿಲ್ಲಬಹುದು. ಬೆಕ್ಕಿಗೆ ಬೇಕಾದದ್ದು ಹಾರ್ಮೋನ್ ತಡೆಯುವ ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್. ಕಾರ್ಬಿಮಜೋಲ್ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗುತ್ತದೆ. ಆದರೆ ಪ್ರಮಾಣ ಬೆಕ್ಕಿನಿಂದ ಬೆಕ್ಕಿಗೆ ಬೇರೆ, ಅದಕ್ಕೇ ಇಲ್ಲಿ ಬರೆಯುತ್ತಿಲ್ಲ. ಹಾಗೆಯೇ ಪ್ಯಾರಾಸಿಟಮಾಲ್ ಯಾವ ಕಾರಣಕ್ಕೂ ಕೊಡಬೇಡಿ. ಒಂದು ಮಾತ್ರೆಯಿಂದಲೇ ಬೆಕ್ಕು ಸಾಯಬಹುದು.

ನ್ಯೂಜೆರ್ಸಿ ಕನ್ನಡಿಗ

ನಮ್ಮ ಬೆಕ್ಕಿಗೆ ಇಲ್ಲಿ ವಿಕಿರಣ ಅಯೋಡಿನ್ ಕೊಡಿಸಿದೆವು. ಒಂದೇ ಇಂಜೆಕ್ಷನ್, ಆಮೇಲೆ ಮಾತ್ರೆ ಇಲ್ಲ. ಕೆಲವು ದಿನ ಆಸ್ಪತ್ರೆಯಲ್ಲೇ ಬೇರೆ ಇಡುತ್ತಾರೆ. ಖರ್ಚು ಜಾಸ್ತಿ. ಊರಿನಲ್ಲಿ ಇರುವವರಿಗೆ ಮಾತ್ರೆಯೇ ದಾರಿ. ಮಾತ್ರೆಯ ಮೇಲೆ ವರ್ಷಗಟ್ಟಲೆ ಚೆನ್ನಾಗಿರುವ ಬೆಕ್ಕುಗಳು ಇಲ್ಲಿಯೂ ಬೇಕಾದಷ್ಟಿವೆ. ಮೊದಲ ಮೂರು ತಿಂಗಳು ರಕ್ತಕಣಗಳ ಎಣಿಕೆ ಮಾಡಿಸುತ್ತಿರಿ ಅಂತ ನಮ್ಮ ಡಾಕ್ಟರ್ ಹೇಳಿದ್ದರು.

ಹಳೇ ಪಶುವೈದ್ಯ

ಹೌದು. ಮುಖ ಕೆರೆದುಕೊಂಡು ಗಾಯ ಮಾಡಿಕೊಂಡರೆ, ಊಟ ಬಿಟ್ಟರೆ, ಮೈ ಹಳದಿ ಆದರೆ ಮಾತ್ರೆ ನಿಲ್ಲಿಸಿ ಡಾಕ್ಟರ್‌ಗೆ ಫೋನ್ ಮಾಡಿ. ಮಾತ್ರೆಯನ್ನು ಪುಡಿ ಮಾಡಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಬಸುರಿಯರು ಮುಟ್ಟಲೇಬಾರದು.

ಜಾಲಹಳ್ಳಿ ಕರಿಯ

ಕರಿಯನ ಹೊಟ್ಟೆಯ ನೀರು ತೆಗೆದರು. ಜೇನಿನ ಬಣ್ಣ, ಬೆರಳಲ್ಲಿ ಎಳೆ ಬರುತ್ತಿತ್ತು. ಅನುಪಾತ 0.3. ಎಫ್‌ಐಪಿ ಚಿಕಿತ್ಸೆ ಶುರು ಮಾಡಿದ್ದಾರೆ. ಜ್ವರ ಇಳಿದಿದೆ, ಇವತ್ತು ತಾನಾಗೇ ತಟ್ಟೆಗೆ ಬಂದ. ಇನ್ನೂ ಬಹಳ ದಿನ ಇದೆ ಅಂತ ಗೊತ್ತು.

ಹುಬ್ಬಳ್ಳಿ ಗುಂಡ

ಗುಂಡನ ಲಿವರ್ ಅಂಕಿ ಏರಿತ್ತು. ಮೂಗಿನಿಂದ ನಳಿಕೆ ಹಾಕಿ ಆಹಾರ ಕೊಟ್ಟರು. ಈಗ ಮನೆಯಲ್ಲಿ ಸ್ವಲ್ಪ ಸ್ವಲ್ಪ ತಿನ್ನುತ್ತಿದ್ದಾನೆ.

ಸಾಗರದ ಚಿನ್ನಿ ಮನೆ

ಶಿವಮೊಗ್ಗದಲ್ಲಿ ಕತ್ತು ಮುಟ್ಟಿ ನೋಡಿದ ತಕ್ಷಣ ಎಡಗಡೆ ಗಂಟು ಸಿಕ್ಕಿತು. ನನ್ನ ಬೆರಳನ್ನೂ ಇಟ್ಟು ತೋರಿಸಿದರು. ಉದ್ದಿನಬೇಳೆಯಷ್ಟು, ಒತ್ತಿದರೆ ಜಾರುತ್ತದೆ. ಹೃದಯ ಬಡಿತ ನಿಮಿಷಕ್ಕೆ 240. ಮತ್ತೆ ಮಾಡಿಸಿದ ಟಿ4ನಲ್ಲೂ ಹೈ ಬಂತು. ಮಾತ್ರೆ ಶುರುವಾಯಿತು. ಬೇಯಿಸಿದ ಬಂಗುಡೆಯ ಒಂದು ಚೂರಿನ ಒಳಗೆ ಮಾತ್ರೆ ಇಟ್ಟರೆ ನುಂಗುತ್ತಾಳೆ. ಮೊದಲು ಖಾಲಿ ಚೂರು, ಆಮೇಲೆ ಮಾತ್ರೆಯದು, ಆಮೇಲೆ ಮತ್ತೆ ಖಾಲಿ.

ಈಗ ಎರಡನೇ ಸುತ್ತಿನ ರಕ್ತ ಪರೀಕ್ಷೆ ಆಗಿದೆ. ತೂಕ 3.2. ಟಿ4 2.3. ರಾತ್ರಿ ಕೂಗು ನಿಂತಿದೆ, ಮತ್ತೆ ಅಟ್ಟದ ಮೇಲೆ ಮಲಗುತ್ತಾಳೆ. ಆದರೆ ಕ್ರಿಯಾಟಿನಿನ್ 1.9 ಆಗಿದೆ. ಮಾತ್ರೆಯಿಂದ ಕಿಡ್ನಿ ಕೆಟ್ಟಿತಾ? ನಿಲ್ಲಿಸಬೇಕಾ?

ಹಳೇ ಪಶುವೈದ್ಯ

ನಿಲ್ಲಿಸಬೇಡಿ. ಮಾತ್ರೆ ಕಿಡ್ನಿ ಕೆಡಿಸಲಿಲ್ಲ, ಮುಚ್ಚಿದ್ದನ್ನು ತೋರಿಸಿತು. 1.6ರಿಂದ 2.8ರ ನಡುವೆ ಇದ್ದರೆ ಕಿಡ್ನಿ ಕಾಯಿಲೆಯ ಎರಡನೇ ಹಂತ ಅಂತ ಎಣಿಸುತ್ತೇವೆ. ಆಹಾರ ನೋಡಿಕೊಂಡರೆ ಬಹಳ ಬೆಕ್ಕುಗಳು ಇದರಲ್ಲಿ ವರ್ಷಗಟ್ಟಲೆ ಇರುತ್ತವೆ. ಟಿ4 2.3 ಒಳ್ಳೆಯ ಜಾಗ. ಇದಕ್ಕಿಂತ ತೀರಾ ಕೆಳಗೆ ಹೋದರೆ ಮಾತ್ರ ಕಿಡ್ನಿಗೆ ಪೆಟ್ಟು, ಆಗ ಪ್ರಮಾಣ ಇಳಿಸಬೇಕಾಗುತ್ತದೆ.

ನೀರಿನ ಬಟ್ಟಲು ಎರಡು ಮೂರು ಕಡೆ ಇಡಿ. ಒಣ ಆಹಾರ ಕಡಿಮೆ ಮಾಡಿ, ಒದ್ದೆ ಆಹಾರ ಜಾಸ್ತಿ ಮಾಡಿ. ರಕ್ತದಲ್ಲಿ ರಂಜಕ (ಫಾಸ್ಫರಸ್) ಎಷ್ಟಿದೆ ಅಂತ ಮುಂದಿನ ಸಲ ನೋಡಿಸಿ, ಅದು ಏರಿದ್ದರೆ ಕಿಡ್ನಿ ಆಹಾರಕ್ಕೆ ಬದಲಿಸೋಣ. ಬಿಪಿ ನೋಡಿದರಾ? ರಿಪೋರ್ಟ್‌ನಲ್ಲಿ ಬರೆದಿಲ್ಲ.

ಸಾಗರದ ಚಿನ್ನಿ ಮನೆ

ನೋಡಿದರು, 150. ಪರವಾಗಿಲ್ಲ ಅಂದರು. ಮೂರು ತಿಂಗಳಿಗೆ ಮತ್ತೆ ಬರಲು ಹೇಳಿದ್ದಾರೆ. ಅತ್ತೆಯೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದಾರೆ.